ಹಿಮಗರ್ಭದ ಸಮಾಧಿಗಳು
ಆಲ್ಟಾಯಿ ಪರ್ವತಗಳ ಪ್ರಾಚೀನ ಅಶ್ವಾರೋಹಿಗಳೂ ನಮ್ಮ ಪಂಚಾಂಗದ ಶಕರೂ

ನಮ್ಮ ವಾಚಕರಲ್ಲಿ ಬಹುಮಂದಿಯ ಬಿಡಾರಗಳಲ್ಲಿಯೂ ಅವರು ದುಡಿಯುವ ಹೋಟೆಲುಗಳ ಗಲ್ಲೆಯ ಹಿಂದಿನ ಗೋಡೆಯ ಮೇಲೂ ಊರಿನಿಂದ ತಂದ ಪಂಚಾಂಗವೊಂದು ತೂಗುತ್ತಿರುವುದು ಸರಿಯಷ್ಟೆ. ಏಕಾದಶಿ ಯಾವಾಗ, ಸಂಕಷ್ಟಿ ಯಾವಾಗ ಎಂದು ತಿಳಿಯಲು ದಿನವೂ ಅದರತ್ತ ಕಣ್ಣು ಹಾಯಿಸುವ ನಾವು, ಅದರ ನೆತ್ತಿಯಲ್ಲಿ ಅಚ್ಚಾಗಿರುವ ‘ಶಾಲಿವಾಹನ ಶಕ’ ಎಂಬ ಶಬ್ದಗಳ ಬಳಿ ನಿಂತು ವಿಚಾರಿಸುವುದು ಅಪರೂಪ. ಶಾಲಿವಾಹನನ ಹೆಸರನ್ನಾದರೂ ಕಥೆಗಳಲ್ಲಿ ಕೇಳಿದ್ದೇವೆ. ಈ ಶಕರೆಂದರೆ ಯಾರು? ಅವರೆಲ್ಲಿಂದ ಬಂದರು? ಅವರ ಬಾಳುವೆ ಎಂತಹುದು?

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೋದರೆ ನಾವು ಹಿಮಾಲಯವನ್ನು ದಾಟಿ ಬಹುದೂರ ಉತ್ತರಕ್ಕೆ ಪ್ರಯಾಣ ಮಾಡಬೇಕಾಗುತ್ತದೆ. ಕಪ್ಪು ಸಮುದ್ರದ ತೀರದಿಂದ ಮಂಗೋಲಿಯದವರೆಗೆ ಸಾವಿರಾರು ಮೈಲಿಗಳ ಉದ್ದಕ್ಕೂ ಹಬ್ಬಿರುವ ಹುಲ್ಲುಗಾವಲಿನಲ್ಲಿ, ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದಲ್ಲಿ, ಕುದುರೆಯ ಬೆನ್ನೇ ಮನೆಯಾಗಿದ್ದ ಅನೇಕ ಜನಾಂಗಗಳು ಸಂಚರಿಸುತ್ತಿದ್ದುವು. ಗ್ರೀಕರು ಅವರನ್ನು ಸಿಥಿಯನರೆಂದರು; ಪಾರಸಿಕರು ಅವರೆಲ್ಲರನ್ನೂ ಶಕರೆಂದೇ ಕರೆದರು. ಈ ಜನ ಊರು ಕಟ್ಟಲಿಲ್ಲ, ಗ್ರಂಥ ಬರೆಯಲಿಲ್ಲ. ಅವರ ವಿಷಯವಾಗಿ ಪರರು ಬರೆದಿಟ್ಟ ನಾಲ್ಕು ಮಾತುಗಳನ್ನು ಬಿಟ್ಟರೆ ಅವರನ್ನು ಅರಿಯುವುದಕ್ಕೆ ಉಳಿದಿದ್ದ ಸಾಧನ ಅವರ ಗೋರಿಗಳೊಂದೇ. ಆ ಗೋರಿಗಳಲ್ಲಿ ಕೆಲವನ್ನು ಹಿಮವು ಎರಡು ಸಾವಿರದ ಮುನ್ನೂರು ವರ್ಷಗಳ ಕಾಲ ಕಾಪಾಡಿಕೊಂಡು ಬಂದಿತು.

ಕಲ್ಲುಗುಡ್ಡೆಗಳ ಕೆಳಗೆ

ಸೈಬೀರಿಯದ ದಕ್ಷಿಣದಲ್ಲಿ, ರಷ್ಯ, ಮಂಗೋಲಿಯ, ಚೀನ, ಕಜಾಕ್‌ಸ್ತಾನಗಳ ಗಡಿಗಳು ಒಂದನ್ನೊಂದು ಸಮೀಪಿಸುವಲ್ಲಿ ಆಲ್ಟಾಯಿ ಪರ್ವತಗಳಿವೆ. ಅಲ್ಲಿಯ ಪಾಜಿರಿಕ್ ಎಂಬ ಕಣಿವೆಯಲ್ಲಿ ದೊಡ್ಡ ದೊಡ್ಡ ಕಲ್ಲುಗುಡ್ಡೆಗಳು ಸಾಲಾಗಿ ನಿಂತಿವೆ. ಇವನ್ನು ಕುರ್ಗಾನ್‌ಗಳೆಂದು ಕರೆಯುತ್ತಾರೆ. ೧೯೨೯ರಲ್ಲಿ ಮಿಖಾಯಿಲ್ ಗ್ರಿಯಾಜ್ನೋವ್ ಎಂಬ ವಿದ್ವಾಂಸನು ಮೊದಲನೆಯ ಗುಡ್ಡೆಯನ್ನು ಅಗೆಸಿದನು. ಉಳಿದವನ್ನು ಸೆರ್ಗೆಯಿ ರುಡೆಂಕೊ ಎಂಬ ಪಂಡಿತನು ೧೯೪೭ರಿಂದ ೧೯೪೯ರವರೆಗೆ ಅಗೆಸಿದನು. ಈ ಎರಡು ಉತ್ಖನನಗಳ ನಡುವೆ ಹದಿನೆಂಟು ವರ್ಷಗಳ ಅಂತರವೇಕೆಂದು ವಾಚಕರು ಕೇಳಬಹುದು. ಯುದ್ಧವೊಂದು ಕಾರಣ. ಇನ್ನೊಂದು, ರುಡೆಂಕೊ ೧೯೩೦ರಲ್ಲಿ ಸೆರೆಗೆ ಸಿಕ್ಕಿ, ಶ್ವೇತಸಮುದ್ರದ ಕಾಲುವೆಯನ್ನು ತೋಡುವ ಶ್ರಮಶಿಬಿರದಲ್ಲಿ ದಿನಗಳೆಯಬೇಕಾಯಿತು. ಅವನು ತನ್ನ ವಿದ್ಯೆಯನ್ನು ಮರೆಯಲಿಲ್ಲ. ಪಾಜಿರಿಕ್ ಕಣಿವೆಯನ್ನೂ ಮರೆಯಲಿಲ್ಲ.

ಈ ಗೋರಿಗಳ ರಚನೆಯನ್ನು ಸ್ವಲ್ಪ ವಿವರಿಸಬೇಕು. ಮೊದಲು ನಾಲ್ಕೈದು ಮೀಟರ್ ಆಳದ ವಿಶಾಲವಾದ ಗುಂಡಿಯನ್ನು ತೋಡಿ, ಅದರೊಳಗೆ ಲಾರ್ಚ್ ಮರದ ದಿಮ್ಮಿಗಳಿಂದ ಒಂದು ಕೋಣೆಯನ್ನು ಕಟ್ಟುವರು. ಒಂದೇ ಮರದ ಬೊಡ್ಡೆಯನ್ನು ಕೊರೆದು ಮಾಡಿದ ಶವಪೆಟ್ಟಿಗೆಯನ್ನು ಅದರಲ್ಲಿಟ್ಟು, ಮೇಲೆ ಭೂರ್ಜಪತ್ರದ ತೊಗಟೆಯನ್ನೂ ನೂರಾರು ದಿಮ್ಮಿಗಳನ್ನೂ ಒಟ್ಟಿ, ಮಣ್ಣು ಮುಚ್ಚಿ, ಕೊನೆಗೆ ಬಂಡೆಗಲ್ಲುಗಳ ದೊಡ್ಡ ಗುಡ್ಡೆಯನ್ನು ಹಾಕುವರು. ಗುಡ್ಡೆಯ ಅಡ್ಡಳತೆ ನಲವತ್ತು ಮೀಟರಿನಷ್ಟು.

ಚಳಿಗಾಲದ ಶೀತಲ ವಾಯು ಈ ಕಲ್ಲುಗಳ ಸಂದುಗಳಲ್ಲಿ ಇಳಿದು ನಿಲ್ಲುತ್ತಿತ್ತು. ಬೇಸಿಗೆಯ ಬಿಸಿಲು ಕಲ್ಲಿನ ಹೊದಿಕೆಯನ್ನು ಭೇದಿಸಿ ಒಳಗೆ ಇಳಿಯಲಾರದು. ಹೀಗೆ ಗುಡ್ಡೆಯ ಅಡಿಯ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತಿತ್ತು. ಇದಕ್ಕೆ ಕಳ್ಳರ ಸಹಾಯವೂ ಒದಗಿತು ಎಂದರೆ ಆಶ್ಚರ್ಯವಾಗಬಹುದು. ಶವಸಂಸ್ಕಾರವಾದ ಸ್ವಲ್ಪ ಕಾಲದಲ್ಲಿಯೇ ಚಿನ್ನದ ಆಸೆಗೆ ಬಂದ ಕಳ್ಳರು ಗುಡ್ಡೆಯನ್ನು ಕೊರೆದು ಒಳಗಿಳಿದಿದ್ದರು. ಆಭರಣಗಳಿಗಾಗಿ ಶವಗಳ ಅಂಗಾಂಗಗಳನ್ನು ಕಡಿಯಲೂ ಅವರು ಹೇಸಲಿಲ್ಲ. ಅವರು ಕೊರೆದ ಕಿಂಡಿಯಿಂದಲೇ ಮಳೆಯ ನೀರು ಒಳಗೆ ಹರಿದು, ಹೆಪ್ಪುಗಟ್ಟಿ, ಅವರು ಬಿಟ್ಟುಹೋದುದನ್ನೆಲ್ಲ ಹಿಮದ ಕರಡಿಗೆಯಲ್ಲಿ ಭದ್ರಪಡಿಸಿತು. ಕಳ್ಳರಿಗೆ ಬೇಕಾದುದು ಚಿನ್ನ. ಬೇಡವಾದುದು ಬಟ್ಟೆ, ತೊಗಲು, ಮರ, ಉಣ್ಣೆ. ಇತರ ಕಡೆಗಳಲ್ಲಿ ಚಿನ್ನ ಉಳಿದು ಇವು ಮಣ್ಣಾಗುತ್ತವೆ. ಇಲ್ಲಿ ಚಿನ್ನ ಹೋಗಿ ಇವು ಉಳಿದುವು. ಒಂದು ಜನಾಂಗದ ಬಾಳುವೆಯನ್ನು ತಿಳಿಯಲು ಯಾವುದು ಹೆಚ್ಚು ಉಪಯುಕ್ತವೆಂದು ಹೇಳಬೇಕಾದುದಿಲ್ಲ.

ರುಡೆಂಕೊನ ಆಳುಗಳು ಹಂಡೆಗಳಲ್ಲಿ ನೀರು ಕಾಯಿಸಿ, ಹಿಮದ ಮೇಲೆ ಸ್ವಲ್ಪಸ್ವಲ್ಪವಾಗಿ ಸುರಿದು, ಕರಗಿದ ನೀರನ್ನು ಮೊಗೆದು ಹಾಕುತ್ತ, ಒಂದೊಂದೇ ವಸ್ತುವನ್ನು ಹೊರತೆಗೆದರು.

ಹನ್ನೆರಡೂವರೆ ಲಕ್ಷ ಗಂಟುಗಳು

ದೊರೆತುದೆಲ್ಲ ಇಂದು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. ಅವುಗಳಲ್ಲಿ ಐದನೆಯ ಗುಡ್ಡೆಯ ರತ್ನಗಂಬಳಿ ಜಗತ್ಪ್ರಸಿದ್ಧವಾದುದು. ಗಂಟುಹಾಕಿ ನೇಯ್ದ ಗಂಬಳಿಗಳಲ್ಲಿ ಬಹುಮಟ್ಟಿಗೆ ಪೂರ್ಣವಾಗಿ ಉಳಿದಿರುವ ಅತ್ಯಂತ ಪ್ರಾಚೀನವಾದುದು ಇದೇ. ಉದ್ದ ಎರಡು ಮೀಟರ್, ಅಗಲ ೧೮೩ ಸೆಂಟಿಮೀಟರ್. ಅಂಚಿನಲ್ಲಿ ಜಿಂಕೆಗಳ ಸಾಲು. ಅದರ ಹೊರಗೆ ಕುದುರೆಗಳ ಸಾಲು, ಕೆಲವರು ಸವಾರರು, ಕೆಲವರು ಕುದುರೆಯ ಪಕ್ಕದಲ್ಲಿ ನಡೆಯುವವರು. ಒಂದು ಚದರ ಸೆಂಟಿಮೀಟರಿನಲ್ಲಿ ಮೂವತ್ತಾರು ಗಂಟುಗಳಂತೆ ಇಡೀ ಗಂಬಳಿಯಲ್ಲಿ ಹನ್ನೆರಡೂವರೆ ಲಕ್ಷಕ್ಕೂ ಮೇಲ್ಪಟ್ಟು ಗಂಟುಗಳಿವೆ. ಲೆಕ್ಕಪತ್ರದಲ್ಲಿ ನುರಿತ ನಮ್ಮ ವಾಚಕರು ತಾವೇ ಎಣಿಸಿ ನೋಡಬಹುದು: ಒಬ್ಬನು ದಿನಕ್ಕೆ ಎರಡೂವರೆ ಸಾವಿರ ಗಂಟು ಹಾಕಿದರೂ ಐನೂರು ದಿನ ಬಿಡುವಿಲ್ಲದ ಕೆಲಸ.

ಅದೇ ಗೋರಿಯಲ್ಲಿ ನಾಲ್ಕು ಗಾಲಿಗಳ ಒಂದು ರಥ ಸಿಕ್ಕಿತು. ಅದನ್ನು ಬಿಚ್ಚಿ ಮತ್ತೆ ಜೋಡಿಸಬಹುದು. ಕುದುರೆಯ ಜೀನಿನ ಕೆಳಗೆ ಹಾಸುವ, ಪಕ್ಷಿಗಳ ಕಸೂತಿ ಮಾಡಿದ ಚೀನದ ರೇಷ್ಮೆ ಸಿಕ್ಕಿತು. ಮನೆಗೋಡೆಯಷ್ಟು ವಿಸ್ತಾರವಾದ ಉಣ್ಣೆಯ ತೆರೆಯೂ, ಉಣ್ಣೆಯಿಂದ ಮಾಡಿದ ಹಂಸಗಳೂ ಸಿಕ್ಕುವು. ಪೂರ್ವದ ಚೀನದಿಂದಲೂ ಪಶ್ಚಿಮದ ಪಾರಸಿಕದ ಕಡೆಯಿಂದಲೂ ಸರಕುಗಳು ಈ ದುರ್ಗಮ ಕಣಿವೆಯನ್ನು ಮುಟ್ಟುತ್ತಿದ್ದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ‘ಬರ್ಬರ’ರೆಂದು ಹಳೆಯ ಗ್ರಂಥಗಳು ಜರೆದ ಜನ ಪ್ರಪಂಚದಿಂದ ದೂರವಾಗಿ ಬಾಳಿದವರಲ್ಲ.

ಯಜಮಾನನೊಡನೆ ಅವನ ಕುದುರೆಗಳೂ ಹೋದುವು. ಮೊದಲನೆಯ ಗುಡ್ಡೆಯಲ್ಲಿ ಹತ್ತು ಕುದುರೆಗಳಿದ್ದುವು; ಒಂದರ ಮುಖಕ್ಕೆ ಹಿಮಸಾರಂಗದ ಕೊಂಬುಗಳುಳ್ಳ ಮುಖವಾಡವನ್ನು ತೊಡಿಸಲಾಗಿತ್ತು. ಆ ಕುದುರೆಗಳ ಕಿವಿಗಳಲ್ಲಿ ಒಡೆತನದ ಗುರುತಿಗಾಗಿ ಕತ್ತರಿಸಿದ ಕಚ್ಚುಗಳು ಒಂದೊಂದರಲ್ಲಿ ಒಂದೊಂದು ರೀತಿಯಾಗಿದ್ದುವು. ಅವು ಒಬ್ಬನ ಲಾಯದವಲ್ಲ, ಸತ್ತ ನಾಯಕನಿಗೆ ಬೇರೆಬೇರೆ ಕುಲದ ಹಿರಿಯರು ಒಪ್ಪಿಸಿದ ಕಡೆಯ ಕಾಣಿಕೆಗಳು ಎಂದು ಗ್ರಿಯಾಜ್ನೋವನು ಊಹಿಸಿದನು.

ಹೆರೋಡೊಟಸನ ಮಾತು ನಿಜವಾಯಿತು

ಕ್ರಿ. ಪೂ. ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರನಾದ ಹೆರೋಡೊಟಸನು ತನ್ನ ಗ್ರಂಥದ ನಾಲ್ಕನೆಯ ಭಾಗದಲ್ಲಿ ಸಿಥಿಯನರ ಶವಸಂಸ್ಕಾರವನ್ನು ವರ್ಣಿಸಿದ್ದಾನೆ. ಸಂಸ್ಕಾರವಾದ ಮೇಲೆ ಅವರು ಕೋಲುಗಳನ್ನು ನೆಟ್ಟು, ಉಣ್ಣೆಯ ಹೊದಿಕೆಯನ್ನು ಮುಚ್ಚಿ, ಒಳಗೆ ಕೆಂಪಾಗಿ ಕಾದ ಕಲ್ಲುಗಳ ಮೇಲೆ ಭಂಗಿಯ ಬೀಜಗಳನ್ನು ಎಸೆದು, ಆ ಹೊಗೆಯಿಂದ ಶುದ್ಧರಾಗುತ್ತಾರೆಂದು ಹೇಳಿದ್ದಾನೆ. ಇದು ಕಟ್ಟುಕಥೆಯೆಂದು ಅನೇಕರು ನಕ್ಕಿದ್ದರು. ಎರಡನೆಯ ಗುಡ್ಡೆಯಲ್ಲಿ ರುಡೆಂಕೊನಿಗೆ ಆರು ಕೋಲುಗಳ ಒಂದು ಪುಟ್ಟ ಚಪ್ಪರವೂ, ಕಲ್ಲುಗಳೂ ಸುಟ್ಟ ಭಂಗಿಯ ಬೀಜಗಳೂ ತುಂಬಿದ ತಾಮ್ರದ ಪಾತ್ರೆಯೂ ದೊರೆತಾಗ ನಗು ನಿಂತಿತು. ಹೆರೋಡೊಟಸನು ಕಂಡುಕೇಳಿದ ಸಿಥಿಯನರು ಕಪ್ಪು ಸಮುದ್ರದ ದಡದವರು. ಈ ಗೋರಿ ಅಲ್ಲಿಂದ ಸಾವಿರಾರು ಮೈಲಿ ದೂರ. ಆಚಾರ ಮಾತ್ರ ಒಂದೇ.

ಆ ಗೋರಿಯ ನಾಯಕನಿಗೆ ಸುಮಾರು ಅರವತ್ತು ವರ್ಷ. ಅವನ ತೋಳುಗಳನ್ನೂ ಎದೆಬೆನ್ನುಗಳನ್ನೂ ಕೊಂಬಿನ ಮೃಗಗಳ ಹಚ್ಚೆ ಆವರಿಸಿತ್ತು. ಯುದ್ಧದ ಕೊಡಲಿಯ ಪೆಟ್ಟಿನಿಂದ ತಲೆಯೊಡೆದು ಸತ್ತ ಅವನ ನೆತ್ತಿಯ ಚರ್ಮವನ್ನು ಶತ್ರುಗಳು ಸುಲಿದಿದ್ದರು. ಸ್ವಜನರು ಮತ್ತೊಂದು ನೆತ್ತಿಯನ್ನು ಹೊಲಿದು, ಕೃತಕ ಗಡ್ಡವನ್ನು ಕಟ್ಟಿ, ನಾಯಕನಿಗೆ ಉಚಿತವಾದ ರೂಪದಲ್ಲಿ ಅವನನ್ನು ಬೀಳ್ಕೊಟ್ಟಿದ್ದರು.

ಪಾಜಿರಿಕ್ ಶವಗಳ ಅಧ್ಯಯನ ಅಲ್ಲಿಗೇ ಮುಗಿಯಲಿಲ್ಲ. ಕಣ್ಣಿಗೆ ಕಾಣದಷ್ಟು ಮಾಸಿದ ಹಚ್ಚೆಗಳು ಅವಕೆಂಪು ಕಿರಣಗಳ ಛಾಯಾಚಿತ್ರಗಳಲ್ಲಿ ಸ್ಪಷ್ಟವಾಗಿ ಮೂಡಿಬಂದಿವೆ. ಸುಮಾರು ಐವತ್ತು ವರ್ಷದ ಹೆಂಗಸೊಬ್ಬಳ ಬಲಗೈಯ ಹಚ್ಚೆ ಎಡಗೈಯದಕ್ಕಿಂತ ನಯವಾದ ಕೈವಾಡವೆಂದು ೨೦೨೫ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕುಶಲನಾದ ಒಬ್ಬ ಹಚ್ಚೆಗಾರ, ಕಲಿಯುತ್ತಿದ್ದ ಇನ್ನೊಬ್ಬ. ಅಥವಾ ಒಬ್ಬನೇ ಮೊದಲು ಕಲಿತು ಅನಂತರ ನುರಿತವನು. ಹೆಸರಿಲ್ಲದ ಆ ಕಸುಬುದಾರರ ಕೈ ಇಂದು ನಮಗೆ ಗುರುತು ಸಿಕ್ಕುತ್ತದೆ.

ಉಕೋಕಿನ ಕನ್ಯೆ

೧೯೯೩ರ ಬೇಸಿಗೆಯಲ್ಲಿ ನತಾಲಿಯಾ ಪೊಲೊಸ್ಮಾಕ್ ಎಂಬ ವಿದುಷಿಯು ಚೀನದ ಗಡಿಗೆ ಸಮೀಪದ ಉಕೋಕ್ ಪ್ರಸ್ಥಭೂಮಿಯಲ್ಲಿ ಒಂದು ಗೋರಿಯನ್ನು ಅಗೆಸಿದಳು. ಮೇಲೆ ಬೇರೊಂದು ಶವದ ಹೂಳುವಿಕೆ ಇತ್ತು. ಕಳ್ಳರು ಅದನ್ನು ದೋಚಿ, ಕೆಳಗೆ ಇನ್ನೊಂದಿದೆಯೆಂದು ಅರಿಯದೆ ಹೋಗಿದ್ದರು. ಕೆಳಗಿನ ಹಿಮವನ್ನು ಕರಗಿಸಿದಾಗ, ಲಾರ್ಚ್ ಮರದ ಪೆಟ್ಟಿಗೆಯಲ್ಲಿ ಬಲಮಗ್ಗುಲಾಗಿ ನಿದ್ರಿಸುವವಳಂತೆ ಮಲಗಿದ್ದ ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕಂಡುಬಂದಳು. ಮೈಮೇಲೆ ರೇಷ್ಮೆಯ ಅಂಗಿ, ಪಟ್ಟೆಪಟ್ಟೆಯ ಉಣ್ಣೆಯ ಲಂಗ, ತಲೆಯ ಮೇಲೆ ಎತ್ತರವಾದ ಮುಡಿ, ಎಡ ಭುಜದ ಮೇಲೆ ಹದ್ದಿನ ಕೊಕ್ಕುಳ್ಳ ಜಿಂಕೆಯ ಹಚ್ಚೆ. ಪಕ್ಕದಲ್ಲಿ ಆರು ಕುದುರೆಗಳು. ಪರಲೋಕದ ಪ್ರಯಾಣಕ್ಕೆಂದು ಸಣ್ಣ ಮರದ ಮೇಜುಗಳ ಮೇಲೆ ಮಾಂಸವನ್ನು ಬಡಿಸಿ, ಒಂದು ಪಾತ್ರೆಯಲ್ಲಿ ಕೊತ್ತಂಬರಿ ಬೀಜವನ್ನಿಟ್ಟಿದ್ದರು. ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿ ದಿನವೂ ಹುರಿಯುವ ಅದೇ ಕೊತ್ತಂಬರಿ!

ಕುದುರೆಗಳ ಹೊಟ್ಟೆಯಲ್ಲಿದ್ದ ಮೇವನ್ನು ಪರೀಕ್ಷಿಸಿದಾಗ ಹೂಳುವಿಕೆ ಬೇಸಿಗೆಯ ಆರಂಭದಲ್ಲಿ ನಡೆಯಿತೆಂದು ಗೊತ್ತಾಯಿತು. ಚಳಿಗಾಲದಲ್ಲಿ ಕಲ್ಲಾದ ನೆಲವನ್ನು ಅಗೆಯುವಂತಿರಲಿಲ್ಲ; ಆದುದರಿಂದ ಶವಗಳಿಗೆ ಔಷಧಿಗಳನ್ನು ತುಂಬಿ, ನೆಲ ಮೆತ್ತಗಾಗುವವರೆಗೆ ಕಾಯುತ್ತಿದ್ದರು. ೨೦೧೪ರಲ್ಲಿ ವಿಜ್ಞಾನಿಗಳು ಕಾಂತೀಯ ಛಾಯಾಗ್ರಹಣದ ಫಲಿತಾಂಶವನ್ನು ಪ್ರಕಟಿಸಿದರು. ಆಕೆ ಸ್ತನದ ಅರ್ಬುದರೋಗದಿಂದ ನರಳಿದ್ದಳು. ಸಾಯುವ ಮೊದಲು ಎತ್ತರದಿಂದ ಬಿದ್ದು ಪೆಟ್ಟೂ ಆಗಿತ್ತು. ಕುಲದವರು ರೋಗಪೀಡಿತಳಾದ ಆಕೆಯನ್ನು ಎಲ್ಲಿಯೂ ಬಿಟ್ಟುಹೋಗದೆ ತಮ್ಮೊಡನೆಯೇ ಕರೆದುಕೊಂಡು ಬಂದಿದ್ದರು. ಅಲೆಮಾರಿಗಳ ಈ ದಯೆಯನ್ನು ಯಾವ ಗ್ರೀಕನೂ ಬರೆದಿಡಲಿಲ್ಲ.

ಊರಿಗೆ ಮರಳುವ ಪ್ರಶ್ನೆ

ಆಕೆಯ ದೇಹವನ್ನು ನೊವೊಸಿಬಿರ್ಸ್ಕಿಗೆ ಸಾಗಿಸಿದರು. ಲೆನಿನನ ದೇಹವನ್ನು ಕಾಪಾಡುವ ಮಾಸ್ಕೋವಿನ ತಜ್ಞರು ಅದಕ್ಕೆ ಸಂರಕ್ಷಣೆಯ ಚಿಕಿತ್ಸೆ ನೀಡಿದರು. ಆದರೆ ಆಲ್ಟಾಯಿಯ ಜನ ಅಸಮಾಧಾನಗೊಂಡರು. ಆಕೆ ತಮ್ಮ ನೆಲದ ಪೂಜ್ಯ ಪೂರ್ವಜಳೆಂದೂ, ಆಕೆಯನ್ನು ಎಬ್ಬಿಸಿದುದು ಅಪಚಾರವೆಂದೂ ಅವರು ವಾದಿಸಿದರು. ೨೦೦೩ರ ಸೆಪ್ಟೆಂಬರಿನಲ್ಲಿ ಆ ಪ್ರಾಂತದಲ್ಲಿ ಭಾರಿ ಭೂಕಂಪವಾದಾಗ ಅದಕ್ಕೆ ಇದೇ ಕಾರಣವೆಂದು ಅನೇಕರು ನಂಬಿದರು. ಆಕೆಗೂ ಇಂದಿನ ಆಲ್ಟಾಯಿ ಜನರಿಗೂ ನೇರವಾದ ರಕ್ತಸಂಬಂಧವನ್ನು ಹೇಳಲಾಗದೆಂಬುದು ವಿಜ್ಞಾನಿಗಳ ಉತ್ತರ. ಕೊನೆಗೆ ೨೦೧೨ರಲ್ಲಿ ಆಕೆಯನ್ನು ಆಲ್ಟಾಯಿ ಗಣರಾಜ್ಯದ ರಾಜಧಾನಿಯಾದ ಗೊರ್ನೊ ಆಲ್ಟಾಯಿಸ್ಕಿನ ವಸ್ತುಸಂಗ್ರಹಾಲಯಕ್ಕೆ ಮರಳಿಸಲಾಯಿತು. ೨೦೧೪ರಲ್ಲಿ ಹಿರಿಯರ ಮಂಡಲಿಯೊಂದು ಆಕೆಯನ್ನು ಮತ್ತೆ ಮಣ್ಣಿಗೇ ಒಪ್ಪಿಸಬೇಕೆಂದು ನಿರ್ಣಯಿಸಿತು. ಆ ನಿರ್ಣಯ ಕೂಡಲೆ ಕಾರ್ಯಗತವಾಗಲಿಲ್ಲ.

ಈ ವಿವಾದದಲ್ಲಿ ಒಂದು ಪಕ್ಷವನ್ನು ಮೂಢರೆಂದೂ ಇನ್ನೊಂದನ್ನು ನಿರ್ದಯರೆಂದೂ ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅಗೆಯದಿದ್ದರೆ ಆಕೆಯ ರೋಗವನ್ನಾಗಲಿ, ಆಕೆಯ ಜನರ ಕರುಣೆಯನ್ನಾಗಲಿ ಜಗತ್ತು ಅರಿಯುತ್ತಿರಲಿಲ್ಲ. ಭೂಮಿಯ ಉಷ್ಣತೆ ಏರಿ ಆಲ್ಟಾಯಿಯ ಹೆಪ್ಪುನೆಲ ಕರಗುವ ಭಯ ಬೇರೆ ಇದೆ. ಈ ಹಿಮಸಮಾಧಿಗಳ ರಕ್ಷಣೆಯನ್ನು ಕುರಿತು ಯುನೆಸ್ಕೊ ಸಂಸ್ಥೆಯು ೨೦೦೮ರಲ್ಲಿ ಗ್ರಂಥವನ್ನೇ ಪ್ರಕಟಿಸಿದೆ. ಹಿಮ ಕರಗಿದರೆ, ಯಾರೂ ಅಗೆಯದೆಯೇ ಎಲ್ಲವೂ ಕೊಳೆತುಹೋಗುವುದು. ಆದರೂ, ಸತ್ತವರು ತಮ್ಮ ನೆಲದಲ್ಲಿಯೇ ಇರಬೇಕೆಂಬ ಹಂಬಲವನ್ನು ಅರ್ಥಮಾಡಿಕೊಳ್ಳಲು ನಮ್ಮ ವಾಚಕರಿಗೆ ಯಾರ ಉಪದೇಶವೂ ಬೇಡ. ಪರಸ್ಥಳದಲ್ಲಿ ಮೂವತ್ತು ವರ್ಷ ದುಡಿದು, ಕಡೆಯ ದಿನಗಳನ್ನು ಮಾತ್ರ ಊರಿನಲ್ಲಿ ಕಳೆಯಬೇಕೆಂದು ಬಯಸಿದ ಹಿರಿಯರು ನಮ್ಮ ಪ್ರತಿಯೊಂದು ಬಿಡಾರದಲ್ಲಿಯೂ ಇದ್ದರು. ಅಧ್ಯಯನವಾದ ಮೇಲೆ ಆಕೆಯನ್ನು ಆಕೆಯ ಪರ್ವತಗಳ ನಾಡಿಗಾದರೂ ಮರಳಿಸಿದುದು ಯೋಗ್ಯವಾಯಿತೆಂದೇ ನಾವು ಭಾವಿಸುತ್ತೇವೆ.

ನಾಸಿಕದ ಗುಹೆಯ ಶಕನು

ಇನ್ನು ನಮ್ಮ ಪಂಚಾಂಗದ ಪ್ರಶ್ನೆಗೆ ಬರೋಣ. ಭಾರತಕ್ಕೆ ಬಂದ ಶಕರು ಈ ಪಾಜಿರಿಕ್ ಕಣಿವೆಯಿಂದಲೇ ಹೊರಟವರೆಂದು ನಾವು ಹೇಳುವುದಿಲ್ಲ. ಆದರೆ ಅವರು ಅದೇ ಹುಲ್ಲುಗಾವಲಿನ, ಅದೇ ಬಗೆಯ ಬಾಳುವೆಯ ಜನ. ಕ್ರಿ. ಪೂ. ಎರಡನೆಯ ಶತಮಾನದಲ್ಲಿ ಬೇರೆ ಜನಾಂಗಗಳ ಒತ್ತಡಕ್ಕೆ ಸಿಕ್ಕಿ ಅವರು ದಕ್ಷಿಣಕ್ಕೆ ಸರಿದು, ಸಿಂಧೂ ಪ್ರಾಂತವನ್ನು ಮುಟ್ಟಿದರು. ಅವರ ಒಂದು ಶಾಖೆ ಗುಜರಾತ ಮಹಾರಾಷ್ಟ್ರಗಳನ್ನು ಆಳಿತು. ಮುಂಬಯಿ ಪುಣೆಗಳಲ್ಲಿರುವ ನಮ್ಮವರು ರಜೆಯ ದಿನ ಕಾರ್ಲೆಗೋ ನಾಸಿಕಕ್ಕೋ ಹೋದರೆ ಅವರ ಶಾಸನಗಳನ್ನು ಕಣ್ಣಾರೆ ಕಾಣಬಹುದು.

ನಾಸಿಕದ ಗುಹೆಯಲ್ಲಿ, ಕ್ಷತ್ರಪ ನಹಪಾನನ ಅಳಿಯನಾದ ಉಷವದಾತನೆಂಬ ಶಕನು ಬೌದ್ಧ ಭಿಕ್ಷುಗಳಿಗೆ ಕೊಟ್ಟ ದತ್ತಿಯ ಲೆಕ್ಕ ಕೆತ್ತಲ್ಪಟ್ಟಿದೆ. ನೇಕಾರರ ಒಂದು ಶ್ರೇಣಿಯಲ್ಲಿ ೨,೦೦೦ ಕಾರ್ಷಾಪಣಗಳನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೆ ಇಟ್ಟನು. ವರ್ಷಕ್ಕೆ ಬಡ್ಡಿ ೨೪೦. ಆ ಗುಹೆಯಲ್ಲಿ ಮಳೆಗಾಲ ಕಳೆಯುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡರಂತೆ ವಸ್ತ್ರದ ಖರ್ಚು. ಲೆಕ್ಕ ಸರಿಹೋಗುತ್ತದೆ! ಇನ್ನೊಂದು ಶ್ರೇಣಿಯಲ್ಲಿ ೧,೦೦೦ವನ್ನು ಮುಕ್ಕಾಲರ ಬಡ್ಡಿಗೆ ಇಟ್ಟನು; ಅದರ ವರ್ಷದ ೯೦ ಇತರ ವೆಚ್ಚಕ್ಕೆ. ಇದಲ್ಲದೆ ೮,೦೦೦ ತೆಂಗಿನ ಗಿಡಗಳನ್ನೂ ದಾನ ಮಾಡಿದನು. ಕುದುರೆಗಳನ್ನು ಸತ್ತವರೊಡನೆ ಹೂಳುತ್ತಿದ್ದ ಜನರ ಸಂಬಂಧಿಗಳು ಕೆಲವೇ ಶತಮಾನಗಳಲ್ಲಿ ತೆಂಗಿನ ತೋಟವನ್ನು ದತ್ತಿಬಿಡುವವರಾದರು. ಉಷವದಾತನ ಹೆಂಡತಿಯ ಹೆಸರು ದಕ್ಷಮಿತ್ರೆ. ಅನಂತರದ ರುದ್ರದಾಮನು ಕ್ರಿ. ಶ. ೧೫೦ರ ಸುಮಾರಿಗೆ ಗಿರಿನಾರದಲ್ಲಿ ಬರೆಯಿಸಿದುದು ಸಂಸ್ಕೃತದ ಪ್ರೌಢ ಗದ್ಯ.

ಶಕರ ಸ್ವಂತ ನುಡಿ ಏನಾಯಿತು? ರುದ್ರದಾಮನ ಅಜ್ಜ ಚಷ್ಟನ. ಆ ಚಷ್ಟನನ ತಂದೆಯ ಹೆಸರಿನ ಮೊದಲ ಧ್ವನಿ ನಮ್ಮ ಬ್ರಾಹ್ಮೀ ಲಿಪಿಯಲ್ಲಿರಲಿಲ್ಲ. ಅದಕ್ಕಾಗಿ ಬರೆಹಗಾರರು ‘ಯ’ ‘ಸ’ಗಳನ್ನು ಕೂಡಿಸಿ ‘ಯ್ಸಾಮೋತಿಕ’ ಎಂದು ಬರೆದರು. ಮರಿಮಗನ ಹೊತ್ತಿಗೆ ಹೆಸರು ರುದ್ರದಾಮ! ನಾಲ್ಕು ತಲೆಮಾರುಗಳಲ್ಲಿ ಒಂದು ಜನಾಂಗದ ನಾಲಗೆ ಬದಲಾಗಿ, ಹಳೆಯ ನುಡಿಯ ಒಂದು ಧ್ವನಿ ಮುತ್ತಜ್ಜನ ಹೆಸರಿನಲ್ಲಿ ಮಾತ್ರ ಉಳಿಯಿತು. ಮಕ್ಕಳನ್ನು ಪರಭಾಷೆಯ ಶಾಲೆಗೆ ಕಳುಹಿಸುವ ನಮಗೆ ಇದು ಕೇವಲ ಇತಿಹಾಸದ ವಿಷಯವಲ್ಲ. ಶಕರು ಬಂದ ನಾಡನ್ನು ಪ್ರೀತಿಸಿ ಅದರ ಭಾಷೆಯನ್ನು ಬೆಳೆಸಿದುದು ಸ್ತುತ್ಯವೇ. ತಮ್ಮದನ್ನು ಮನೆಯೊಳಗಾದರೂ ಉಳಿಸಿಕೊಂಡಿದ್ದರೆ ಅದರಿಂದ ಯಾರಿಗೂ ನಷ್ಟವಿರಲಿಲ್ಲ.

ನಹಪಾನನನ್ನು ಸೋಲಿಸಿದವನು ಸಾತವಾಹನ ವಂಶದ ಗೌತಮೀಪುತ್ರ ಸಾತಕರ್ಣಿ. ೧೯೦೬ರಲ್ಲಿ ನಾಸಿಕದ ಬಳಿಯ ಜೋಗಲ್ ತೆಂಭಿಯಲ್ಲಿ ಸಿಕ್ಕಿದ ಹದಿಮೂರು ಸಾವಿರಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳಲ್ಲಿ ಬಹುಪಾಲು, ನಹಪಾನನ ಮುದ್ರೆಯ ಮೇಲೆ ಸಾತಕರ್ಣಿಯ ಮುದ್ರೆಯನ್ನು ಒತ್ತಿದವು. ಆದರೆ ಕಾಲಗಣನೆಯನ್ನು ಯಾರೂ ಅಳಿಸಲಿಲ್ಲ. ಕ್ರಿ. ಶ. ೭೮ರಿಂದ ಎಣಿಸುವ ಶಕವರ್ಷ ಚಷ್ಟನನ ವಂಶದ ಆಳಿಕೆಯಲ್ಲಿ ಬೇರೂರಿತು. ಬಾದಾಮಿಯ ಕೋಟೆಯನ್ನು ಕಟ್ಟಿಸಿದ ಒಂದನೆಯ ಪುಲಕೇಶಿಯ ಶಾಸನದಲ್ಲಿ ಶಕವರ್ಷ ೪೬೫, ಎಂದರೆ ಕ್ರಿ. ಶ. ೫೪೩, ಎಂದಿದೆ. ಮುಂದೆ ಜನ ಅದಕ್ಕೆ ಶಾಲಿವಾಹನನ ಹೆಸರನ್ನೂ ಸೇರಿಸಿದರು. ೧೯೫೭ರ ಮಾರ್ಚ್ ೨೨ರಂದು ಭಾರತ ಸರಕಾರ ಅದನ್ನೇ ರಾಷ್ಟ್ರೀಯ ಪಂಚಾಂಗದ ಗಣನೆಯಾಗಿ ಅಂಗೀಕರಿಸಿತು. ಗೆದ್ದವನ ಹೆಸರೂ ಸೋತವರ ಹೆಸರೂ ಒಂದೇ ಸಾಲಿನಲ್ಲಿ ಜಗಳವಿಲ್ಲದೆ ಕುಳಿತಿವೆ.

ಮುಂದಿನ ಯುಗಾದಿಗೆ ಹೊಸ ಪಂಚಾಂಗವನ್ನು ತಂದು ಗೋಡೆಗೆ ತೂಗುಹಾಕುವಾಗ ಆ ಎರಡು ಶಬ್ದಗಳನ್ನು ನಮ್ಮ ವಾಚಕರು ಮಕ್ಕಳಿಗೊಮ್ಮೆ ಓದಿ ಹೇಳಲಿ. ಅದನ್ನು ಕನ್ನಡದಲ್ಲಿಯೇ ಹೇಳಲಿ.